ಚೇತಕ್ ಮಾದರಿಗೆ ರಾಕೆಟ್ ಬೇಕೇ, ಬೇಡವೇ?

ಕಾಲೇಜಿನ ವಸ್ತುಪ್ರದರ್ಶನಕ್ಕೆ ನಾನು ಚೇತಕ್ ಹೆಲಿಕಾಪ್ಟರಿನ ಮಾದರಿ ಇಡುತ್ತೇನೆ ಎಂದು ಹೇಳಿದ ದಿನದಿಂದ ಎರಡು ಬಗೆಯ ಸಲಹೆ ಬರುತ್ತಿವೆ. ಹಿರಿಯರದ್ದು ಒಂದು: "ಆ ರಾಕೆಟ್ ತೆಗೆದುಬಿಡು. ಒಂದು ಕೆಂಪು ಕ್ರಾಸ್ ಅಂಟಿಸಿ ಆಂಬುಲೆನ್ಸ್ ಅಂತ ಇಡು. ನಮ್ಮ ಕಾಲೇಜಲ್ಲಿ ಯಾಕೆ ಯುದ್ಧದ ಸಾಮಾನು? ಯಾರಾದರೂ ಫೋಟೊ ತೆಗೆದು ಏನಾದರೂ ಬರೆದು ಹಾಕಿದರೆ?" ಗೆಳೆಯರದ್ದು ಇನ್ನೊಂದು: "ಎಂಥದು ಮಾರಾಯ, ಬರೀ ರಾಕೆಟ್ಟಾ? ನಾಲ್ಕು ಮಿಸೈಲ್ ಸೇರಿಸು, ಎಲ್‌ಇಡಿ ಹಾಕು, ಮೇಲಿನ ಫ್ಯಾನ್ ತಿರುಗಲಿ."

ಎರಡನ್ನೂ ನಾನು ಒಪ್ಪುವುದಿಲ್ಲ. ಒಬ್ಬರು ಕಡಿಮೆ ಮಾಡು ಎನ್ನುತ್ತಾರೆ, ಇನ್ನೊಬ್ಬರು ಜಾಸ್ತಿ ಮಾಡು ಎನ್ನುತ್ತಾರೆ. ನಿಜವಾದ ಹೆಲಿಕಾಪ್ಟರಿನಲ್ಲಿ ಏನಿತ್ತು ಎಂದು ಇಬ್ಬರೂ ಕೇಳುವುದಿಲ್ಲ. ಮಾದರಿ ಮಾಡುವವನ ಮೊದಲ ಪ್ರಶ್ನೆ ಅದೇ ಆಗಬೇಕು ಎಂಬುದು ನನ್ನ ವಾದ. ಅದಕ್ಕಾಗಿ ಈ ಲೇಖನ.

ಮೊದಲು ಚೇತಕ್ ಎಂದರೇನು ಎಂದು ಹೇಳಿಬಿಡುತ್ತೇನೆ. ಇದರ ಮೂಲ ಹೆಸರು ಅಲೂಯೆಟ್ 3, ಹುಟ್ಟೂರು ಫ್ರಾನ್ಸ್. 1959ರ ಫೆಬ್ರವರಿಯಲ್ಲಿ ಮೊದಲು ಹಾರಿತು. ಪರವಾನಗಿ ಪಡೆದು ಬೆಂಗಳೂರಿನ ಎಚ್‌ಎಎಲ್ ಇದನ್ನು ತಯಾರಿಸಿತು. 1965ರಲ್ಲಿ ಮೊದಲನೆಯದು ಹೊರಬಂತು, ಆಮೇಲೆ 300ಕ್ಕೂ ಹೆಚ್ಚು. ಹೆಸರು ರಾಣಾ ಪ್ರತಾಪನ ಕುದುರೆಯದ್ದು. ಪೈಲಟ್ ಸೇರಿ ಏಳು ಜನ ಕೂರಬಹುದು, ಸೀಟು ಬಿಚ್ಚಿದರೆ ಎರಡು ಸ್ಟ್ರೆಚರ್ ಹಿಡಿಸುತ್ತದೆ. ವಾಯುಪಡೆ, ಭೂಸೇನೆ, ನೌಕಾಪಡೆ, ಕೋಸ್ಟ್ ಗಾರ್ಡ್ ಎಲ್ಲರ ಬಳಿಯೂ ಕೆಲಸ ಮಾಡಿದೆ. ಮುಂದೆ ದೊಡ್ಡ ಗಾಜಿನ ಮೂತಿ, ಹಿಂದೆ ಸಪೂರ ಬಾಲ, ಕೆಳಗೆ ಮೂರು ಚಕ್ರ. ನೋಡಲು ಸ್ವಲ್ಪ ಗೊದಮೊಟ್ಟೆಯ ಹಾಗೆ. ಗೆಳೆಯರಿಗೆ ಮಿಸೈಲ್ ಬೇಕಿದ್ದರೆ ಅದೇ ಬೆಂಗಳೂರಿನಲ್ಲಿ ತಯಾರಾಗುವ ಪ್ರಚಂಡ್ ಇದೆ, 2022ರ ಅಕ್ಟೋಬರ್ 3ರಂದು ವಾಯುಪಡೆಗೆ ಸೇರಿದ್ದು; ಮೂತಿಯ ಕೆಳಗೆ 20 ಮಿಲಿಮೀಟರ್ ಗನ್, ಪಕ್ಕದಲ್ಲಿ ರಾಕೆಟ್, ಎಲ್ಲ ಉಂಟು. ಅದನ್ನು ಮಾಡಲಿ, ನಾನೂ ಬಂದು ನೋಡುತ್ತೇನೆ. ಚೇತಕ್ಕಿಗೆ ಪ್ರಚಂಡ್‌ನ ಅಂಗಿ ತೊಡಿಸುವುದು ಬೇಡ.

ನನ್ನ ಮಾದರಿ 72ರಲ್ಲಿ ಒಂದು ಪಾಲಿನದ್ದು. ದಮ್ಮಾಮಿನಿಂದ ಮಾಮು ತಂದುಕೊಟ್ಟ ಕಿಟ್. ಇಲ್ಲಿ ಅಂಗಡಿಗಳಲ್ಲಿ ಇಂಥ ಕಿಟ್ ನನಗೆ ಕಾಣಸಿಗಲಿಲ್ಲ, ಆನ್‌ಲೈನ್‌ನಲ್ಲಿ ಬೆಲೆ ನೋಡಿದರೆ ಟ್ಯೂಷನ್ ಫೀಸ್ ನೆನಪಾಗುತ್ತದೆ. 72ರ ಲೆಕ್ಕ ಕಾಮರ್ಸ್‌ನವನಿಗೆ ಕಷ್ಟವಲ್ಲ. ನಿಜವಾದ ರೆಕ್ಕೆಚಕ್ರದ ವ್ಯಾಸ 11.02 ಮೀಟರ್, ನನ್ನದರಲ್ಲಿ 15.3 ಸೆಂಟಿಮೀಟರ್. ಒಡಲಿನ ಉದ್ದ 10.03 ಮೀಟರ್, ನನ್ನದರಲ್ಲಿ 14ಕ್ಕೆ ಒಂದು ಕೂದಲೆಳೆ ಕಡಿಮೆ. ಸಾಧಾರಣ ಎತ್ತರದ ಮನುಷ್ಯ ಪಕ್ಕದಲ್ಲಿ ನಿಂತರೆ 2.4 ಸೆಂಟಿಮೀಟರ್, ಅಂದರೆ ಒಂದು ಕಡಲೆಕಾಯಿಯಷ್ಟು. ಅಂಗೈಯಲ್ಲಿ ಹಿಡಿಯುವ ವಸ್ತು. ಇದಕ್ಕೆ ಎಲ್‌ಇಡಿ, ಮೋಟರ್ ತುರುಕಿದರೆ ಒಳಗಿನ ಸೀಟು ಎಲ್ಲಿ ಹೋಗಬೇಕು?

ಕಿಟ್ ಜೋಡಿಸುವುದು ಎರಡು ವಾರದ ಕೆಲಸ. ಆಮೇಲಿನ ಸೂಕ್ಷ್ಮ ಕೆಲಸವೇ ನಿಜವಾದ ಕೆಲಸ, ಅದಕ್ಕೆ ಮೂರು ತಿಂಗಳೂ ಸಾಲದು. ಚೇತಕ್ಕಿನ ಎಂಜಿನ್‌ಗೆ ಮುಚ್ಚಳವಿಲ್ಲ. ರೆಕ್ಕೆಯ ಕಂಬದ ಹಿಂದೆ, ಒಡಲಿನ ಮೇಲೆ ಬಯಲಲ್ಲೇ ಕೂತಿರುತ್ತದೆ, ಪೈಪು ತಂತಿ ಎಲ್ಲ ಹೊರಗೆ ಕಾಣುವಂತೆ. ಕಿಟ್‌ನಲ್ಲಿ ಅದೊಂದು ನುಣುಪು ಕೊಳವೆ ಮಾತ್ರ. ಹಾಳಾದ ಇಯರ್‌ಫೋನಿನ ವೈರು ಸುಲಿದರೆ ಒಳಗೆ ಕೂದಲಿಗಿಂತ ಸ್ವಲ್ಪ ದಪ್ಪದ ತಾಮ್ರದ ಎಳೆ ಸಿಗುತ್ತದೆ, ಅದೇ ಪೈಪು. ಮಾತ್ರೆಯ ಸ್ಟ್ರಿಪ್ಪಿನ ಹಿಂದಿನ ಹಾಳೆಯನ್ನು ಸಣ್ಣ ಪಟ್ಟಿಯಾಗಿ ಕತ್ತರಿಸಿದರೆ ಸೀಟ್ ಬೆಲ್ಟ್. ದಾದಿಯ ಬಿಪಿ ಮಾತ್ರೆಯಿಂದ ಇಡೀ ಹೆಲಿಕಾಪ್ಟರಿಗೆ ಬೆಲ್ಟ್ ಆಯಿತು. ಕಿಟ್‌ನ ಭಾಗಗಳನ್ನು ಹಿಡಿದಿಟ್ಟಿರುವ ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದ ಬತ್ತಿಯ ಮೇಲೆ ಬಿಸಿ ಮಾಡಿ ಎರಡು ಕಡೆಯಿಂದ ಎಳೆದರೆ ಶಾವಿಗೆಯ ಹಾಗೆ ಉದ್ದಕ್ಕೆ ಬರುತ್ತದೆ, ಅದು ಆಂಟೆನಾ. ಗಾಜಿನ ಮೂತಿಗೆ ಮಾತ್ರ ಫೆವಿಕ್ವಿಕ್ ಮುಟ್ಟಿಸಬಾರದು. ಅದರ ಆವಿ ಪಾರದರ್ಶಕ ಪ್ಲಾಸ್ಟಿಕ್ ಮೇಲೆ ಬಿಳಿ ಮಂಜಿನಂತೆ ಕೂರುತ್ತದೆ. ಅಲ್ಲಿಗೆ ನಮ್ಮ ಮಾಮೂಲಿ ಬಿಳಿ ಫೆವಿಕಾಲ್, ಒಣಗಿದ ಮೇಲೆ ಕಾಣುವುದಿಲ್ಲ.

ರೆಕ್ಕೆಗಳ ವಿಷಯದಲ್ಲಿ ಹೆಚ್ಚಿನವರು ಗಮನಿಸದ ಒಂದು ಸಂಗತಿ ಇದೆ. ನಿಂತ ಹೆಲಿಕಾಪ್ಟರಿನ ರೆಕ್ಕೆ ನೇರವಾಗಿರುವುದಿಲ್ಲ, ತನ್ನ ಭಾರಕ್ಕೆ ತಾನೇ ತುದಿಯಲ್ಲಿ ಬಾಗುತ್ತದೆ. ಹಾರುವಾಗ ಮೇಲಕ್ಕೆ ಏಳುತ್ತದೆ. ಕಿಟ್‌ನಲ್ಲಿ ಮೂರು ರೆಕ್ಕೆಯೂ ಸ್ಕೇಲ್ ಇಟ್ಟು ಗೆರೆ ಹಾಕಿದಷ್ಟು ನೆಟ್ಟಗೆ. ಬಿಸಿನೀರಲ್ಲಿ ಅದ್ದಿ ತುಸು ಬಾಗಿಸಬೇಕು. ಅಷ್ಟು ಮಾಡಿದ ಕೂಡಲೇ ಆಟಿಕೆ ಹೋಗಿ ಹೆಲಿಕಾಪ್ಟರ್ ಬಂದು ಕೂತ ಹಾಗೆ ಆಗುತ್ತದೆ.

ಆ ರೆಕ್ಕೆಗಳ ಬುಡದಲ್ಲಿ ಒಂದು ಬಳೆ ಇದೆ, ಸ್ವಾಶ್‌ಪ್ಲೇಟ್ ಎನ್ನುತ್ತಾರೆ. ನನ್ನ ಮಾದರಿಯಲ್ಲಿ ಅದು ಎಳ್ಳಿಗಿಂತ ಸ್ವಲ್ಪ ದೊಡ್ಡದು. ನಿಜವಾದ ಹೆಲಿಕಾಪ್ಟರಿನಲ್ಲಿ ಅದರ ಕೆಳಭಾಗ ತಿರುಗುವುದಿಲ್ಲ, ಮೇಲ್ಭಾಗ ರೆಕ್ಕೆಯ ಜೊತೆ ತಿರುಗುತ್ತದೆ. ಪೈಲಟ್ ಕೈಯಲ್ಲಿನ ಸನ್ನೆ ಎಳೆದರೆ ಇಡೀ ಬಳೆ ಮೇಲೆ ಕೆಳಗೆ ಸರಿದು ಎಲ್ಲ ರೆಕ್ಕೆಗಳ ಓರೆ ಒಟ್ಟಿಗೆ ಬದಲಾಗುತ್ತದೆ, ಹೆಲಿಕಾಪ್ಟರ್ ಏಳುತ್ತದೆ ಅಥವಾ ಇಳಿಯುತ್ತದೆ. ಬಳೆ ಒಂದು ಕಡೆ ವಾಲಿದರೆ ಆ ದಿಕ್ಕಿಗೆ ಹೋಗುತ್ತದೆ. ತಿರುಗದ ಪೈಲಟ್‌ನ ಕೈ, ತಿರುಗುವ ರೆಕ್ಕೆಗೆ ಮಾತು ತಲುಪಿಸುವುದು ಈ ಬಳೆಯ ಮೂಲಕವೇ. 2025ರ ಜನವರಿ 5ರಂದು ಪೋರಬಂದರಿನಲ್ಲಿ ಕೋಸ್ಟ್ ಗಾರ್ಡಿನ ಧ್ರುವ್ ಹೆಲಿಕಾಪ್ಟರ್ ಬಿದ್ದು ಮೂವರು ಸಿಬ್ಬಂದಿ ತೀರಿಕೊಂಡರು. ಸ್ವಾಶ್‌ಪ್ಲೇಟ್ ಮುರಿದದ್ದು ತನಿಖೆಯಲ್ಲಿ ಕಂಡಿತು; ದೇಶದ ಎಲ್ಲ ಧ್ರುವ್‌ಗಳನ್ನು ತಿಂಗಳುಗಟ್ಟಲೆ ನೆಲಕ್ಕೆ ಇಳಿಸಿದರು. ಆ ಸುದ್ದಿ ಓದಿದ ಮೇಲೆ ಇಕ್ಕುಳದಲ್ಲಿ ಆ ಎಳ್ಳಿನಷ್ಟು ಬಳೆಯನ್ನು ಹಿಡಿದು ಅಂಟಿಸುವಾಗ ಕೈ ತಾನಾಗಿ ನಿಧಾನವಾಗುತ್ತದೆ. ಯುದ್ಧದ ಆಟಿಕೆ ಮಾಡಿ ಮಕ್ಕಳು ಯುದ್ಧ ಇಷ್ಟಪಡುತ್ತಾರೆ ಎನ್ನುವವರಿಗೆ ನಾನು ಹೇಳುವುದು ಇದನ್ನೇ. ಆಟಿಕೆ ಬೇರೆ, ಮಾದರಿ ಬೇರೆ. ಆಟಿಕೆಯಲ್ಲಿ ಯಾರೂ ಸಾಯುವುದಿಲ್ಲ. ಮಾದರಿ ಮಾಡಲು ಕೂತವನಿಗೆ ಯಾವ ಭಾಗ ಮುರಿದರೆ ಯಾರು ಸಾಯುತ್ತಾರೆ ಎಂದು ಗೊತ್ತಾಗುತ್ತದೆ.

ಬಣ್ಣದ ಬಗ್ಗೆಯೂ ಒಂದು ಮಾತು. ಹೊಸದಾಗಿ ಮಾಡುವವರು ಮಾದರಿಯನ್ನು ಶೋರೂಮಿನ ಕಾರಿನ ಹಾಗೆ ಮಿಂಚಿಸುತ್ತಾರೆ. ಕೆಲಸ ಮಾಡುವ ಯಂತ್ರ ಹಾಗಿರುವುದಿಲ್ಲ. ಎಂಜಿನ್ ಹೊಗೆ ಬಾಲದ ಮೇಲೆ ಮಸಿ ಹಿಡಿಸುತ್ತದೆ, ಪೈಲಟ್ ಕಾಲಿಟ್ಟು ಹತ್ತುವ ಜಾಗದಲ್ಲಿ ಬಣ್ಣ ಕಿತ್ತು ಲೋಹ ಕಾಣುತ್ತದೆ, ಜೋಡಣೆಯ ಗೆರೆಗಳಲ್ಲಿ ಎಣ್ಣೆ ಕೂರುತ್ತದೆ. ಕಪ್ಪು ಮತ್ತು ಕಂದು ಬಣ್ಣವನ್ನು ತಿನ್ನರಿನಲ್ಲಿ ಚಹಾದಷ್ಟು ತೆಳು ಮಾಡಿ ಬಿಟ್ಟರೆ ಅದು ಗೆರೆಗಳೊಳಗೆ ತಾನೇ ಹರಿದು ನಿಲ್ಲುತ್ತದೆ, ಮೇಲಿನದನ್ನು ಒರೆಸಬೇಕು. ಮಸಿಗೆ ಪೆನ್ಸಿಲ್ ಸೀಸದ ಪುಡಿ ಸಾಕು. ಇಂಗ್ಲಿಷಿನಲ್ಲಿ ಇದಕ್ಕೆ ವೆದರಿಂಗ್ ಎನ್ನುತ್ತಾರೆ. ನಮಗೆ ಅಕೌಂಟೆನ್ಸಿಯಲ್ಲಿ ಒಳ್ಳೆಯ ಶಬ್ದ ಕಲಿಸಿದ್ದಾರೆ: ಸವಕಳಿ. ಯಂತ್ರ ಬಳಸಿದಷ್ಟೂ ಸವೆಯುತ್ತದೆ, ಸವೆದದ್ದನ್ನು ಪುಸ್ತಕದಲ್ಲಿ ತೋರಿಸಬೇಕು, ತೋರಿಸದಿದ್ದರೆ ಆಸ್ತಿಯ ಬೆಲೆ ಸುಳ್ಳಾಗುತ್ತದೆ. ನಾನು ಕುಂಚದಲ್ಲಿ ಮಾಡುವುದು ಅದೇ ನಮೂದು. ಮೂಲಬೆಲೆಯಲ್ಲೇ ಇಟ್ಟ ಚೇತಕ್ ಚಂದ ಕಾಣಬಹುದು, ಆದರೆ ಲೆಕ್ಕ ತಪ್ಪು.

ಈಗ ರಾಕೆಟ್ಟಿನ ವಿಷಯ.

ನಾನು ಮಾಡುತ್ತಿರುವುದು ಯಾವುದೋ ಒಂದು ಚೇತಕ್ ಅಲ್ಲ, ನಿರ್ದಿಷ್ಟವಾಗಿ ಒಂದು ಅಲೂಯೆಟ್. 1971ರಲ್ಲಿ ಪಾಕಿಸ್ತಾನದ ವಾಯುಪಡೆಯನ್ನೂ ನಾಗರಿಕ ವಿಮಾನ ಸೇವೆಯನ್ನೂ ಬಿಟ್ಟು ಬಂದ ಬಂಗಾಳಿ ಪೈಲಟ್‌ಗಳು, ತಂತ್ರಜ್ಞರು ಸೇರಿ ಸೆಪ್ಟೆಂಬರ್ 28ರಂದು ನಾಗಾಲ್ಯಾಂಡಿನ ದಿಮಾಪುರದಲ್ಲಿ ಒಂದು ಸಣ್ಣ ತುಕಡಿ ಕಟ್ಟಿದರು. ಹೆಸರು ಕಿಲೋ ಫ್ಲೈಟ್. ಭಾರತ ಅವರಿಗೆ ಕೊಟ್ಟದ್ದು ಮೂರೇ ವಿಮಾನ: ಒಂದು ಡಕೋಟಾ, ಒಂದು ಆಟರ್, ಒಂದು ಅಲೂಯೆಟ್ 3. ಮೂರೂ ಯುದ್ಧಕ್ಕೆಂದು ಹುಟ್ಟಿದ ವಿಮಾನಗಳಲ್ಲ. ಅಲೂಯೆಟ್‌ನ ಪಕ್ಕಕ್ಕೆ 14 ರಾಕೆಟ್ ಕಟ್ಟಿದರು, .303 ಬ್ರೌನಿಂಗ್ ಮಷಿನ್ ಗನ್ ಕೂರಿಸಿದರು, ಕೆಳಗಿನಿಂದ ಗುಂಡು ಬಂದರೆ ತಡೆಯಲಿ ಎಂದು ನೆಲಕ್ಕೆ ಒಂದು ಇಂಚು ದಪ್ಪದ ಉಕ್ಕಿನ ತಗಡು ಬೆಸುಗೆ ಹಾಕಿದರು. ಭಾರತೀಯ ವಾಯುಪಡೆಯವರು ರಾತ್ರಿ ಹಾರಾಟದ ತರಬೇತಿ ಕೊಟ್ಟರು. ಡಿಸೆಂಬರ್ 3ರ ರಾತ್ರಿ ಸುಲ್ತಾನ್ ಮಹಮೂದ್ ಮತ್ತು ಬದ್ರುಲ್ ಆಲಂ ಈ ಹೆಲಿಕಾಪ್ಟರನ್ನು ಢಾಕಾ ಹತ್ತಿರದ ನಾರಾಯಣಗಂಜಿಗೆ ಒಯ್ದು ಗೋದ್‌ನೈಲ್ ಇಂಧನ ಡಿಪೋದ ಮೇಲೆ ದಾಳಿ ಮಾಡಿದರು. ಅದೇ ರಾತ್ರಿ ಶಂಸುಲ್ ಆಲಂ ಮತ್ತು ಅಕ್ರಂ ಅಹ್ಮದ್ ಆಟರ್ ವಿಮಾನದಲ್ಲಿ ಚಟ್ಟಗಾಂವಿನ ತೈಲ ಟ್ಯಾಂಕ್‌ಗಳಿಗೆ ಹೊಡೆದರು. ಸುಲ್ತಾನ್ ಮಹಮೂದ್ ಮುಂದೆ ಬಾಂಗ್ಲಾದೇಶ ವಾಯುಪಡೆಯ ಮುಖ್ಯಸ್ಥರಾದರು.

ಆ ಒಂದು ಇಂಚಿನ ತಗಡು ನನ್ನ ಅಳತೆಯಲ್ಲಿ ಮಿಲಿಮೀಟರಿನ ಮೂರರಲ್ಲಿ ಒಂದು ಪಾಲು. ಮದುವೆ ಕಾರ್ಡಿನ ರಟ್ಟು ಸರಿಯಾಗಿ ಅಷ್ಟೇ ದಪ್ಪ ಇದೆ. ಮನೆಯಲ್ಲಿ ಹಳೆಯ ಕಾರ್ಡಿಗೆ ಬರವೇ? ರಾಕೆಟ್ ಗೂಡಿಗೆ ಲಾಲಿಪಾಪಿನ ಟೊಳ್ಳು ಕಡ್ಡಿ. ಬಾಯಿಗೆ ಪುಟ್ಟಿ ತುಂಬಿ, ಅರ್ಧ ಒಣಗಿದಾಗ ಸೂಜಿಯಿಂದ ನಡುವೆ ಒಂದು, ಸುತ್ತ ಆರು ತೂತು ಚುಚ್ಚಬೇಕು. ಒಂದು ವೃತ್ತದ ಸುತ್ತ ಅದೇ ಅಳತೆಯ ಆರು ವೃತ್ತ ಸರಿಯಾಗಿ ಕೂರುತ್ತವೆ, ಲೆಕ್ಕದ ಮೇಡಂ ಹೇಳಿದ್ದು ಇಲ್ಲಿ ಉಪಯೋಗಕ್ಕೆ ಬಂತು. ಎರಡು ಬದಿಗೆ ಏಳೇಳು, ಒಟ್ಟು 14. ಹದಿಮೂರೂ ಅಲ್ಲ, ಹದಿನಾರೂ ಅಲ್ಲ.

ಇದನ್ನೇ ಯಾಕೆ ಆರಿಸಿದೆ ಎಂದು ಅಬ್ಬಾ ಕೇಳಿದರು. "ಯೇ ಜಂಗ್ ಕಾ ಸಾಮಾನ್ ಕಾಲೇಜ್ ಕು ಕೈಕು?" ನಮ್ಮ ಮನೆಮಾತು ಉರ್ದು. ನನ್ನ ಕ್ಲಾಸಿನಲ್ಲಿ ಹೆಚ್ಚಿನವರದ್ದು ಬ್ಯಾರಿ, ಬೀದಿಯಲ್ಲಿ ತುಳು, ಪರೀಕ್ಷೆಯಲ್ಲಿ ಇಂಗ್ಲಿಷ್, ಈ ಪತ್ರಿಕೆಯಲ್ಲಿ ಕನ್ನಡ. ಈ ಊರಲ್ಲಿ ಯಾರೂ ಯಾರಿಗೂ ಇದೊಂದೇ ಮಾತಾಡು ಎಂದು ಹೇಳುವುದಿಲ್ಲ, ಆದ್ದರಿಂದ ಭಾಷೆಗಾಗಿ ಜನ ಸತ್ತರು ಎಂದು ಓದಿದಾಗ ನನಗೆ ಮೊದಲು ಅರ್ಥವೇ ಆಗಿರಲಿಲ್ಲ. 1948ರ ಮಾರ್ಚಿನಲ್ಲಿ ಜಿನ್ನಾ ಢಾಕಾಕ್ಕೆ ಬಂದು ಪಾಕಿಸ್ತಾನದ ರಾಷ್ಟ್ರಭಾಷೆ ಉರ್ದು ಮಾತ್ರ ಎಂದರು. ಬಂಗಾಳಿ ಬೇಕೆಂದ ವಿದ್ಯಾರ್ಥಿಗಳ ಮೇಲೆ 1952ರ ಫೆಬ್ರವರಿ 21ರಂದು ಅದೇ ಢಾಕಾದಲ್ಲಿ ಪೊಲೀಸರು ಗುಂಡು ಹಾರಿಸಿದರು. ಇಂದು ಜಗತ್ತೆಲ್ಲ ಮಾತೃಭಾಷಾ ದಿನ ಆಚರಿಸುವುದು ಅದೇ ದಿನ. ಗುಂಡು ಹಾರಿಸಿದವರೂ ತಿಂದವರೂ ನಮಾಜಿಗೆ ಒಂದೇ ದಿಕ್ಕಿಗೆ ನಿಲ್ಲುವವರು. ದಾದಿ ನನಗೆ ಕಥೆ ಹೇಳಿದ ಭಾಷೆ, ಅಮ್ಮಿ ಬಯ್ಯುವ ಭಾಷೆ, ಇನ್ನೊಂದು ಮನೆಯ ಮಕ್ಕಳಿಗೆ ಸರ್ಕಾರದ ಆಜ್ಞೆಯಾಗಿ ಹೋಗಿತ್ತು. ದಾದಿಯ ಉರ್ದುವಿಗೂ ಆ ಆಜ್ಞೆಗೂ ಸಂಬಂಧವಿಲ್ಲ ಎಂದು ನನಗೆ ಗೊತ್ತು. ಆದರೂ ಈ ಹೆಲಿಕಾಪ್ಟರಿನ ಕಥೆ ಓದಿದ ಮೇಲೆ ಬೇರೆ ಯಾವುದನ್ನೂ ಮಾಡಲು ಮನಸ್ಸು ಬರಲಿಲ್ಲ. ಅಬ್ಬಾನಿಗೆ ಇಷ್ಟೆಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಲಾಲಿಪಾಪ್ ಕಡ್ಡಿ ಎತ್ತಿ ಕನ್ನಡಕ ಮೇಲೆ ಸರಿಸಿ ತೂತು ಎಣಿಸಿದರು.

ಆಂಬುಲೆನ್ಸ್ ಮಾಡು ಎಂಬ ಸಲಹೆ ಕೆಟ್ಟದ್ದಲ್ಲ. ಹೆಲಿಕಾಪ್ಟರ್ ಕೊಂದದ್ದಕ್ಕಿಂತ ಉಳಿಸಿದ ಕಥೆಗಳೇ ನಮ್ಮ ಕರಾವಳಿಯವರಿಗೆ ಹತ್ತಿರ. 2018ರ ಆಗಸ್ಟ್ 17ರಂದು, ಕೇರಳದ ಪ್ರವಾಹದಲ್ಲಿ, ಆಲುವಾ ಹತ್ತಿರ ಒಬ್ಬ ತುಂಬು ಗರ್ಭಿಣಿಯನ್ನು ನೌಕಾಪಡೆಯ ಹೆಲಿಕಾಪ್ಟರ್ ಹಗ್ಗದಲ್ಲಿ ಎತ್ತಿಕೊಂಡಿತು. ಅದೇ ದಿನ ಆಸ್ಪತ್ರೆಯಲ್ಲಿ ಗಂಡುಮಗು ಹುಟ್ಟಿತು. ಆಮೇಲೆ ಒಂದು ಮನೆಯ ತಾರಸಿ ಮೇಲೆ ಬಿಳಿ ಬಣ್ಣದಲ್ಲಿ ದೊಡ್ಡದಾಗಿ ಥ್ಯಾಂಕ್ಸ್ ಎಂದು ಬರೆದಿದ್ದ ಫೋಟೊ ಎಲ್ಲರೂ ನೋಡಿದ್ದೇವೆ. ಯಾರಾದರೂ ಆ ಹೆಲಿಕಾಪ್ಟರನ್ನು, ಆ ತಾರಸಿಯನ್ನು, ಆ ಹಗ್ಗವನ್ನು ಮಾಡಿದರೆ ಪ್ರದರ್ಶನದಲ್ಲಿ ನನ್ನದಕ್ಕಿಂತ ಮುಂದಿನ ಮೇಜು ಅದಕ್ಕೇ ಸಿಗಬೇಕು. ಆದರೆ ನಾರಾಯಣಗಂಜಿಗೆ ಹೋದ ಹೆಲಿಕಾಪ್ಟರಿನ ರಾಕೆಟ್ ಕಿತ್ತು ಕೆಂಪು ಕ್ರಾಸ್ ಅಂಟಿಸುವುದು ಒಳ್ಳೆಯತನವಲ್ಲ. ಹಾಗೆ ನೋಡಿದರೆ ಆ ಚಿಹ್ನೆ ಯಾರು ಬೇಕಾದರೂ ಅಂಟಿಸುವ ಸ್ಟಿಕ್ಕರೂ ಅಲ್ಲ. ಯುದ್ಧದಲ್ಲಿ ಅದನ್ನು ಹೊತ್ತ ವಾಹನಕ್ಕೆ ಗುಂಡು ಹೊಡೆಯಬಾರದು, ಅದೂ ದಾಳಿ ಮಾಡಬಾರದು ಎಂಬುದು ಜಿನೀವಾ ಒಪ್ಪಂದದ ಕರಾರು. ಅನುಮತಿಯಿಲ್ಲದೆ ಅದನ್ನು ಬಳಸುವುದನ್ನು ನಮ್ಮ ದೇಶದಲ್ಲೂ 1960ರ ಕಾಯಿದೆ ತಡೆಯುತ್ತದೆ. ದಾಳಿ ಮಾಡಿದ ಯಂತ್ರಕ್ಕೆ ಅದನ್ನು ಹಚ್ಚುವುದು ಖರ್ಚಿನ ಖಾತೆಯನ್ನು ದಾನದ ಖಾತೆಗೆ ಬರೆದ ಹಾಗೆ.

ಫೋಟೊದ ಭಯ ಬೇರೆ. ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ನಮ್ಮ ಕಾಲೇಜಿನ ಬೋರ್ಡಿನ ಮುಂದೆ ರಾಕೆಟ್ ಇರುವ ಒಂದು ವಸ್ತು, ಪಕ್ಕದಲ್ಲಿ ಟೋಪಿ ಹಾಕಿದ ಹುಡುಗ, ಅದಕ್ಕೊಂದು ವಾಕ್ಯ ಜೋಡಿಸಲು ಯಾರಿಗಾದರೂ ಎರಡು ನಿಮಿಷ ಸಾಕು ಎಂದು ಹಿರಿಯರು ಹೇಳುವುದರಲ್ಲಿ ಅನುಭವ ಇದೆ. ಇದರ ಇನ್ನೊಂದು ಮುಖವನ್ನೂ ನಾನು ಕಂಡಿದ್ದೇನೆ. ಬಣ್ಣ ಕೊಳ್ಳಲು ಹೋದ ಒಂದು ಕಡೆ ಒಬ್ಬರು ನನ್ನ ಹೆಸರು ಕೇಳಿ, ಮಾದರಿಯ ಫೋಟೊ ನೋಡಿ, "ಓ, ನೀವೂ ಸೇನೆಯ ಹೆಲಿಕಾಪ್ಟರ್ ಮಾಡ್ತೀರಾ? ಭಾರೀ ಸಂತೋಷ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ "ನೀವು" ಎಂಬುದಕ್ಕೂ "ನೀವೂ" ಎಂಬುದಕ್ಕೂ ಒಂದು ದೀರ್ಘದ ಅಂತರ ಇದೆ, ಆ ದೀರ್ಘ ಮನೆವರೆಗೂ ನನ್ನ ಜೊತೆ ಬಂತು. ಬೇರೆ ಹುಡುಗ ಮಾಡಿದರೆ ಅದು ಹವ್ಯಾಸ, ನಾನು ಮಾಡಿದರೆ ಸಂಶಯ ಅಥವಾ ಸರ್ಟಿಫಿಕೇಟು. ನನಗೆ ಎರಡೂ ಬೇಡ. ಎಂಜಿನ್ ಪೈಪು ಸರಿಯಾಗಿ ಬಂದಿದೆಯೇ ಎಂದು ಬಗ್ಗಿ ನೋಡಿದರೆ ಸಾಕು.

ಭಯಕ್ಕೆ ನನ್ನ ಉತ್ತರ ರಾಕೆಟ್ ತೆಗೆಯುವುದಲ್ಲ, ಚೀಟಿ ಬರೆಯುವುದು. ಮಾದರಿಯ ಮುಂದೆ ಅಂಗೈಯಗಲದ ಒಂದು ಚೀಟಿ: ಇದು ಯಾವ ಹೆಲಿಕಾಪ್ಟರ್, ಯಾವ ದಿನದ್ದು, ಯಾವ ಅಳತೆ, ಯಾವ ಭಾಗ ಫೋಟೊ ನೋಡಿ ಮಾಡಿದ್ದು, ಯಾವುದು ಊಹೆ. ಚೀಟಿ ಇಲ್ಲದ ರಾಕೆಟ್‌ಗೆ ಯಾರು ಬೇಕಾದರೂ ಕಥೆ ಕಟ್ಟಬಹುದು. ದಿನಾಂಕ, ಊರು, ಪೈಲಟ್‌ಗಳ ಹೆಸರು ಇರುವ ರಾಕೆಟ್‌ಗೆ ಕಥೆ ಈಗಾಗಲೇ ಇದೆ. ಅಕೌಂಟ್ಸ್‌ನಲ್ಲಿ ಪೂರ್ತಿ ಬಹಿರಂಗಪಡಿಸುವ ತತ್ವ ಎಂದು ಐದು ಮಾರ್ಕಿಗೆ ಓದುತ್ತೇವಲ್ಲ, ಅದನ್ನು ಒಂದು ಮೇಜಿನ ಮೇಲೆ ಮಾಡಿ ತೋರಿಸಬಹುದು.

ಪ್ರದರ್ಶನ ಸಮಿತಿಯವರಲ್ಲಿ ಇದನ್ನೇ ಕೇಳಿಕೊಳ್ಳುತ್ತೇನೆ. ಇಂಥ ಚೀಟಿ ನನಗೊಬ್ಬನಿಗೆ ಅಲ್ಲ, ಎಲ್ಲ ಮಾದರಿಗಳಿಗೂ ಕಡ್ಡಾಯವಾಗಲಿ. ಆಗ ಅಂಗಡಿಯಿಂದ ಸಿದ್ಧವಾಗಿ ತಂದ ಥರ್ಮಾಕೋಲ್ ಜ್ವಾಲಾಮುಖಿಗಳೂ "ಇದನ್ನು ಯಾರು ಮಾಡಿದರು" ಎಂಬ ಸಾಲು ತುಂಬಬೇಕಾಗುತ್ತದೆ, ನೋಡೋಣ. ಇನ್ನೊಂದು, ಮಾದರಿ ವಿಭಾಗ ಸೈನ್ಸ್‌ನವರಿಗೆ ಮಾತ್ರ, ಕಾಮರ್ಸ್‌ನವರು ಫುಡ್ ಸ್ಟಾಲ್ ಹಾಕಲಿ ಎಂಬ ಪದ್ಧತಿ ಈ ವರ್ಷವಾದರೂ ಬಿಡಲಿ. ತುಮಕೂರು ಜಿಲ್ಲೆಯ ಗುಬ್ಬಿ ತಾಲೂಕಿನಲ್ಲಿ 2023ರ ಫೆಬ್ರವರಿಯಲ್ಲಿ ಎಚ್‌ಎಎಲ್‌ನ ಹೊಸ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು, 615 ಎಕರೆ. ಚೇತಕ್ ಜಾಗಕ್ಕೆ ಬರಬೇಕಾದ ಎಲ್‌ಯುಎಚ್ ಅಲ್ಲೇ ತಯಾರಾಗಬೇಕು. ಆ ಕಾರ್ಖಾನೆಯಲ್ಲಿ ಸವಕಳಿ ಲೆಕ್ಕ ಬರೆಯುವವರು ಯಾರು? ಫುಡ್ ಸ್ಟಾಲಿನವರೇ ಅಲ್ಲವೇ?

ಮಾದರಿ ಮಾಡುವ ಆಸೆ ಇರುವವರು ಲಂಚ್ ಬ್ರೇಕಿನಲ್ಲಿ ಲೈಬ್ರರಿಯ ಹಿಂದಿನ ಬೆಂಚಿಗೆ ಬನ್ನಿ, ಹಳೆಯ ಇಯರ್‌ಫೋನ್ ಇದ್ದರೆ ತನ್ನಿ. ಬಣ್ಣ ಮಾತ್ರ ಮಳೆಗಾಲಕ್ಕೆ ಮೊದಲೇ ಮುಗಿಸಬೇಕು. ಜೂನ್ ಶುರುವಾದರೆ ನಮ್ಮ ಮಂಗಳೂರಿನ ತೇವಕ್ಕೆ ಸ್ಪ್ರೇ ವಾರ್ನಿಷ್ ಒಣಗುವಾಗ ಬೆಳ್ಳಗೆ ಮಂಕಾಗುತ್ತದೆ, ಆಮೇಲೆ ಸೆಪ್ಟೆಂಬರ್ ಕಳೆಯುವವರೆಗೆ ಡಬ್ಬಿ ಮುಚ್ಚಿಡಬೇಕಷ್ಟೆ.